ಕ್ರಾಂತಿಯ ನಡುವೆ ಕೈಕೊಟ್ಟ ಮೈಕು

ಪುರಸಭೆ ಗ್ರಂಥಾಲಯದ ಮಹಡಿ ಸಭಾಂಗಣದಲ್ಲಿ ಬಹುಕಾಲ ಸೇವೆ ಸಲ್ಲಿಸಿ, ಈಗ ಉಗ್ರಾಣದಲ್ಲಿ ವಿಶ್ರಾಂತಿ ಪಡೆಯುತ್ತಿರುವ ಮೈಕು ಮಹಾಶಯರಿಗೆ, ವೇದಿಕೆಯ ಮೇಲೆ ಕವಿತೆ ಆಡಿ ತೋರಿಸುವ ಕಸುಬಿನವಳ ಸವಿನಯ ವಂದನೆಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣ. ನಮ್ಮ ಪುರಸಭೆ ಅಧ್ಯಕ್ಷರ ವಿರುದ್ಧ ನಾನು ವರ್ಷಗಟ್ಟಲೆ ಬೆಂಕಿಯುಗುಳುವ ಕವಿತೆ ಕಟ್ಟಿ, ಕೈ ಬೀಸಿ, ಕಾಲು ಅಪ್ಪಳಿಸಿ ಆಡಿದ್ದು ತಮ್ಮ ಮುಂದೆಯೇ. ಅಧ್ಯಕ್ಷರು ಪ್ರತಿ ಸಲವೂ ಮುಂದಿನ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಹೂಗುಚ್ಛ ಕೊಟ್ಟು ಹೋಗುತ್ತಿದ್ದರು. ಹೀಗೆ ಗಂಭೀರ ಕವಿಯಾಗಿ ನನ್ನ ಬಾಳು ಸುಸೂತ್ರವಾಗಿ ಸಾಗಿತ್ತು.

ಆ ಸಂಜೆ ‘ಏಳಿ, ಎದ್ದೇಳಿ’ ಎಂದು ನಾನು ಜನರನ್ನು ಬಡಿದೆಬ್ಬಿಸುತ್ತಿದ್ದಾಗಲೇ ತಾವು ಕೀಂ ಎಂದು ಕಿರುಚಿ ಪ್ರಾಣ ಬಿಟ್ಟಿರಿ. ಜನ ನನ್ನ ಮಾತಿಗೆ ಬೆಲೆ ಕೊಟ್ಟು ನಿಜಕ್ಕೂ ಎದ್ದರು. ಎದ್ದು ಚಹಾ ಕುಡಿಯಲು ಹೊರಟರು. ಉಳಿದದ್ದು ಕೆಳಗಿನ ಮಕ್ಕಳ ವಿಭಾಗದಿಂದ ಹತ್ತಿ ಬಂದಿದ್ದ ಚಿಳ್ಳೆಪಿಳ್ಳೆಗಳು ಮತ್ತು ನನ್ನ ಅಕ್ಕನ ಮಗಳು. ಅವಳು ಕೇಳಿದಳು: “ಚಿಕ್ಕಮ್ಮ, ಯಾರು ಏಳ್ಬೇಕು? ಅವ್ರು ಎಲ್ಲಿ ಕೂತಿದಾರೆ?”

ಇಷ್ಟು ವರ್ಷ ಯಾವ ವಿಮರ್ಶಕರೂ ಕೇಳದ ಪ್ರಶ್ನೆ. ಬಾಯಿಗೆ ಬಂದದ್ದನ್ನು ಹೇಳಿದೆ: ಊರಿಗಿರುವ ಒಂದೇ ನಲ್ಲಿಯ ಮೇಲೆ ನೀರಾನೆಯೊಂದು ಕೂತುಬಿಟ್ಟಿದೆ, ಏಳುತ್ತಲೇ ಇಲ್ಲ. ನಾನೇ ನೀರಾನೆಯಾಗಿ ವೇದಿಕೆಯ ಮೇಲೆ ಕುಕ್ಕರಿಸಿದೆ. ಎದ್ದೇಳು ಎಂದು ಮಕ್ಕಳು ಕೂಗಿದ ಅಬ್ಬರಕ್ಕೆ ಚಹಾ ಲೋಟ ಹಿಡಿದವರೆಲ್ಲ ಮರಳಿ ಬಂದು ದನಿಗೂಡಿಸಿದರು. ಅವರಲ್ಲೊಬ್ಬರು ಪ್ರಕಾಶಕರು, ಕತೆ ಪುಸ್ತಕವಾಯಿತು. ಅಂದಿನಿಂದ ನಾನು ಊರಿಗೆಲ್ಲ ನೀರಾನೆ ಅಕ್ಕ. ಶಾಲೆಯಿಂದ ಶಾಲೆಗೆ ಹೋಗಿ ಕುಕ್ಕರಿಸಿ ಕುಕ್ಕರಿಸಿ ಸೊಂಟ ಬಿದ್ದುಹೋಗಿದೆ. ಗಡ್ಡದ ಕವಿಮಿತ್ರರು ಸಿಕ್ಕಾಗಲೆಲ್ಲ, ಸಾಹಿತ್ಯಕ್ಕೆ ಯಾವಾಗ ಮರಳುತ್ತೀರಿ ಎಂದು ಸಂತಾಪದ ದನಿಯಲ್ಲಿ ವಿಚಾರಿಸುತ್ತಾರೆ.

ಇದಕ್ಕಿಂತ ಘೋರವಾದದ್ದು ಆಮೇಲೆ ನಡೆಯಿತು. ಹೆಸರು ಹಿಡಿದು ಬೈದಾಗ ಚಪ್ಪಾಳೆ ತಟ್ಟಿದ್ದ ಅಧ್ಯಕ್ಷರು, ಆ ನೀರಾನೆ ‘ನಾನೇ’ ಎಂದು ತಾವಾಗಿಯೇ ಕಂಡುಕೊಂಡು ಪುಸ್ತಕವನ್ನು ಗ್ರಂಥಾಲಯದಿಂದ ತೆಗೆಸಿದರು. ಮರುದಿನ ಶಾಲೆ ಬಿಟ್ಟೊಡನೆ ಮಕ್ಕಳು ಅವರ ಕಚೇರಿಯ ಕಿಟಕಿಯ ಕೆಳಗೆ ನೆರೆದು ಎದ್ದೇಳು ಎಂದು ಕೂಗತೊಡಗಿದರು. ತಾಳುವಷ್ಟು ತಾಳಿ, ಕಡೆಗೆ ಕಿಟಕಿ ಮುಚ್ಚಲು ಅಧ್ಯಕ್ಷರು ಎದ್ದರು. ನೀರಾನೆ ಎದ್ದಿತೆಂದು ಮಕ್ಕಳು ಕುಣಿದಾಡಿದರು, ಬೀದಿಗೆ ಬೀದಿಯೇ ನಕ್ಕಿತು, ಪುಸ್ತಕ ಆ ವಾರವೇ ಕಪಾಟಿಗೆ ಮರಳಿತು. ನನ್ನ ಯಾವ ಬೆಂಕಿಯ ಕವಿತೆಯೂ ಆ ಮನುಷ್ಯನನ್ನು ಕುರ್ಚಿಯಿಂದ ಒಂದು ಗೇಣು ಮೇಲೆತ್ತಿರಲಿಲ್ಲ.

ಆದ್ದರಿಂದ ತಾವು ದಯಮಾಡಿ ಮರುಜೀವ ಪಡೆದು, ಆ ಸಂಜೆಯನ್ನು ಹಿಂದಕ್ಕೆ ತಿರುಗಿಸಿ, ಯಾರೂ ಕಿವಿಗೆ ಹಾಕಿಕೊಳ್ಳದ ನನ್ನ ಹಳೆಯ ಘನತೆಯನ್ನು ನನಗೆ ಮರಳಿಸಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ನೀರಾನೆ
(ಅಕ್ಕ ಎನ್ನುವುದನ್ನು ಮಕ್ಕಳು ಈಚೆಗೆ ಕೈಬಿಟ್ಟಿದ್ದಾರೆ)

ಮರೆತ ಮಾತು: ತಮ್ಮ ಜಾಗಕ್ಕೆ ಬಂದಿರುವ ಹೊಸ ಮೈಕು, ಮೊನ್ನೆ ಅಧ್ಯಕ್ಷರ ಭಾಷಣದುದ್ದಕ್ಕೂ ಒಮ್ಮೆಯೂ ಕೆಡಲಿಲ್ಲ. ಹಿರಿಯರಾದ ತಾವು ಅದಕ್ಕೆ ನಾಲ್ಕು ಬುದ್ಧಿಮಾತು ಹೇಳಬೇಕು.