ಅಲ್ಲಿ ನಮ್ಮವರು ಯಾರಿದ್ದಾರೆ?

ಯಾವ ಊರಿನ ಹೆಸರು ಕಿವಿಗೆ ಬಿದ್ದರೂ ನನ್ನ ಬಾಯಿಂದ ಮೊದಲು ಬರುವ ಮಾತು ಒಂದೇ: ‘ಅಲ್ಲಿ ನಮ್ಮವರು ಯಾರಿದ್ದಾರೆ?’ ಆ ಊರಲ್ಲಿ ಹೊಳೆ ಇದೆಯೋ, ಅರಮನೆ ಇದೆಯೋ ಎಂಬುದೆಲ್ಲ ಆಮೇಲೆ. ಪರಿಚಯದವರ ಪರಿಚಯದವರು ಒಬ್ಬರಾದರೂ ಸಿಕ್ಕಿದರೆ ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಊರು. ಇದೊಂದು ಕಾಯಿಲೆ ಎಂದು ನಮ್ಮ ಯಜಮಾನರ ಅಭಿಪ್ರಾಯ. ಅವರು ಹುಬ್ಬಳ್ಳಿಯವರು, ಅಭಿಪ್ರಾಯವನ್ನು ಒಳಗೇ ಇಟ್ಟುಕೊಳ್ಳುವ ಅಭ್ಯಾಸವಿಲ್ಲ. ಒಮ್ಮೆ ಸೈಪ್ರೆಸ್ ಎಂಬ ಊರಿನ ನಮ್ಮ ಮನೆಯಿಂದ ಡಾಲಸ್‌ಗೆ ಹೊರಟಾಗ ದಾರಿಯಲ್ಲಿ ಟೈರ್ ಪಂಕ್ಚರ್ ಆಯಿತು. ಅವರು ಟೈರ್ ಬದಲಿಸುವಷ್ಟರಲ್ಲಿ ನಾನು ಫೋನಿನಲ್ಲೇ ಡಾಲಸ್ ಪಕ್ಕದ ಮೆಕಿನ್ನಿಯ ಒಬ್ಬ ಆಂಟಿಯನ್ನು ಹುಡುಕಿ ತೆಗೆದಿದ್ದೆ. ಟೈರು ಬೇಗನೇ ಸರಿಹೋಯಿತು. ಆಂಟಿಯ ಮನೆಯಿಂದ ಬಿಡಿಸಿಕೊಂಡು ಬರಲು ಮಾತ್ರ ಮರುದಿನ ಸಂಜೆಯಾಯಿತು.

ಹೀಗಿರುವಾಗ, ಆಸ್ಟಿನ್‌ನಲ್ಲಿ ಕಾಲೇಜಿಗೆ ಹೋಗುತ್ತಿದ್ದ ಮಗಳು ಅನಘಾ ಒಂದು ಸೆಮಿಸ್ಟರ್ ಓದಲು ಬಾರ್ಸಿಲೋನಾಕ್ಕೆ ಹೋದಳು. ಶುಕ್ರವಾರ ಬಂತೆಂದರೆ ಇಬ್ಬರು ಗೆಳತಿಯರ ಜೊತೆ ಬೆನ್ನಿಗೊಂದು ಚೀಲ ಏರಿಸಿ ಬೇರೆ ದೇಶ. ನನಗೆ ಶುಕ್ರವಾರ ದೋಸೆಹಿಟ್ಟು ರುಬ್ಬುವ ದಿನ, ಅವಳಿಗೆ ದೇಶ ಬದಲಿಸುವ ದಿನ. ಅವಳು ಪ್ರಾಗ್ ಎಂದಾಗ ನಾನು ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ವಿಚಾರಿಸಿದೆ. ನಮ್ಮ ಮನೆಯ ಕಡೆಯದೇ ಊರಾದ ಕ್ಲಿಯರ್ ಲೇಕ್‌ನ ಒಬ್ಬರ ನಾದಿನಿ ಪ್ರಾಗ್‌ನಲ್ಲೇ ಇದ್ದರು. ಹುಡುಗಿಯರು ಕೋಟೆ ನೋಡಬೇಕಾದ ಹೊತ್ತಿನಲ್ಲಿ ಅವರ ಮನೆಯಲ್ಲಿ ಚಿತ್ರಾನ್ನ ತಿನ್ನುತ್ತಾ ಅವರ ಮದುವೆಯ ವಿಡಿಯೋ ನೋಡಿದರು. ಲಿಸ್ಬನ್‌ನಲ್ಲಿ ಸಮುದ್ರದ ದಂಡೆಗೆ ಹೋಗುವ ಬದಲು ದಾವಣಗೆರೆಯವರೊಬ್ಬರ ಮಗುವಿನ ನಾಮಕರಣದಲ್ಲಿ ಪಾಯಸ ಬಡಿಸಿದರು. ನನಗಂತೂ ಆ ಎರಡು ವಾರ ಸೊಗಸಾದ ನಿದ್ದೆ.

ಆಮೇಲೆ ಮಗಳ ಫೋನ್ ಬಂತು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಸಿಟ್ಟು ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ಗೆಳತಿಯರು ಬಂದಿರುವುದು ಯುರೋಪ್ ನೋಡಲು, ನಿನ್ನ ಆಂಟಿಯರನ್ನು ನೋಡಲಲ್ಲ ಎಂಬುದು ಸಾರಾಂಶ. ಇನ್ನು ಮುಂದೆ ಎಲ್ಲಿಗೆ ಹೋಗುತ್ತೇನೆಂದು ಹೇಳುವುದೇ ಇಲ್ಲ ಎಂದು ಫೋನಿಟ್ಟಳು. ಯಜಮಾನರು ಪೇಪರಿನಿಂದ ತಲೆ ಎತ್ತದೆ, ‘ಮಗಳ ಸುದ್ದಿ ಬೇಕೋ, ಊರೂರಿಗೆ ಆಂಟಿ ಬೇಕೋ, ನೀನ ನೋಡು. ಎರಡೂ ಸಿಗಂಗಿಲ್ಲ’ ಎಂದರು. ಮಗಳ ಸುದ್ದಿಯನ್ನೇ ಆರಿಸಿಕೊಂಡೆ. ಇನ್ನು ಯಾರನ್ನೂ ಹುಡುಕುವುದಿಲ್ಲ ಎಂದು ಮಾತು ಕೊಟ್ಟೆ. ವಿಯೆನ್ನಾ, ಬುಡಾಪೆಸ್ಟ್ ಎಲ್ಲ ಹಾಗೇ ಕಳೆದವು. ಅವಳು ಊರೆಲ್ಲ ಸುತ್ತಿದಳು, ನಾನು ಇಲ್ಲಿ ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಸುತ್ತಿದೆ.

ನನ್ನ ಈ ಸುತ್ತಾಟ ನೋಡಲಾರದೆ ಒಂದು ವೀಕೆಂಡ್ ಯಜಮಾನರು ಆಸ್ಟಿನ್‌ನಲ್ಲಿ ಕೆರೆಯ ಪಕ್ಕ ಹೋಟೆಲ್ ಬುಕ್ ಮಾಡಿದರು. ಎಷ್ಟೋ ವರ್ಷಗಳ ಮೇಲೆ ನಾವಿಬ್ಬರೇ ಹೊರಟದ್ದು. ‘ಯಾರ ಮನಿಗೂ ಹೋಗಾಂಗಿಲ್ಲ’ ಎಂಬುದೊಂದೇ ಅವರ ಷರತ್ತು. ಮಗಳೊಬ್ಬಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅರ್ಧ ದಾರಿಯಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

‘ನಮಸ್ಕಾರ, ನಾನು ಆಸ್ಟಿನ್‌ನಿಂದ ಸುಮಾ ಅಂತ, ನನ್ನ ಮಗಳೂ ನಿಮ್ಮ ಅನಘಾನೂ ಒಂದೇ ಕಾಲೇಜು. ಅನಘಾ ಮೆಸೇಜ್ ಮಾಡಿದ್ಲು. ಸೀದಾ ನಮ್ಮನೆಗೇ ಬಂದ್ಬಿಡಿ, ಬಿಸಿಬೇಳೆಬಾತ್ ಆಗ್ತಿದೆ.’

ಮಗಳಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡೆ. ‘ಮಳೆ ಇದೆ ಅಂತ ನೋಡ್ದೆ, ನೀವಿಬ್ರೇ ಅಷ್ಟು ದೂರ ಡ್ರೈವ್ ಮಾಡ್ತಿದೀರ. ನಂಗೆ ವರಿ ಆಯ್ತಮ್ಮ’ ಎಂದಳು, ಅಚ್ಚರಿಯೆಂದರೆ ಕನ್ನಡದಲ್ಲೇ. ನನಗೆ ಕಣ್ಣು ತುಂಬಿತು. ಯಜಮಾನರು ನನ್ನ ಮುಖ ನೋಡಿ, ನಿಟ್ಟುಸಿರು ಬಿಟ್ಟು, ಸುಮಾ ಅವರ ಮನೆಯ ಕಡೆ ಕಾರು ತಿರುಗಿಸಿದರು.

ಬಿಸಿಬೇಳೆಬಾತ್ ಎರಡನೆಯ ಸಲ ಬಡಿಸುತ್ತಾ ಸುಮಾ, ‘ನಮ್ಮ ಮಗ ಲಂಡನ್‌ನಲ್ಲಿ ಓದ್ತಿದಾನೆ. ಮುಂದಿನ ವಾರ ಫ್ರೆಂಡ್ಸ್ ಜೊತೆ ರೋಮ್‌ಗೆ ಹೋಗ್ತಾನಂತೆ. ಅಲ್ಲಿ ನಮಗೆ ಯಾರೂ ಗೊತ್ತಿಲ್ಲ ನೋಡಿ’ ಎಂದರು. ಯಜಮಾನರು ಟೇಬಲ್ಲಿನ ಕೆಳಗೆ ನನ್ನ ಕಾಲನ್ನು ಬಲವಾಗಿ ತುಳಿದರು. ಪಾಪ, ತಡವಾಗಿತ್ತು. ನಾನಾಗಲೇ ಎಡಗೈಯಲ್ಲಿ ಗ್ರೂಪಿಗೆ ಮೆಸೇಜ್ ಹಾಕಿಯಾಗಿತ್ತು.