ಒಂಬತ್ತು ತಿಂಗಳ ಬಾಡಿಗಿದಾರ

ನಮ್ಮತ್ತಿಯಂಥ ಪಕ್ಷಪಾತಿ ಅತ್ತಿ ಚಿಕ್ಕೋಡಿ, ರಾಯಬಾಗ, ಅಥಣಿ ಮೂರೂ ತಾಲೂಕು ಜಾಲಾಡಿದರೂ ನಿಮಗ ಸಿಗೂದಿಲ್ಲ. ನಾನೂ ಬಸುರಿ, ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಆಕಿನೂ ಬಸುರಿ. ಆಕಿಗೆ ಬೆಲ್ಲ ಹಾಕಿದ ಹಾಲು, ನನಗ ಮೆಂತ್ಯೆ ನೀರು. ಹೊಟ್ಟೆಕಿಚ್ಚು ಆಗಬಾರದೇನ್ರಿ?

ಇದಕ್ಕೆಲ್ಲಾ ಕಾರಣ ನಿಪ್ಪಾಣಿ ಡಾಕ್ಟರಬಾಯಿ. ಬೆರಳು ಚುಚ್ಚಿ ನೋಡೂ ಮಶಿನ್ ನಮ್ಮ ಕಡೆ ಇನ್ನೂ ಬಂದಿರಲಿಲ್ಲ. ನನ್ನ ಮೂತ್ರ ನೀಲಿ ಔಷಧದಾಗ ಹಾಕಿ ಕಾಸಿದರು, ಇಟ್ಟಂಗಿ ಬಣ್ಣಕ್ಕ ತಿರುಗಿತು, ಅಂದ್ರ ಸಕ್ರಿ ಐತಿ ಅಂತ.

"ಕೂಸಿನ ಜೋಡಿ ಬೆಳಿಯೋ ಮಾಸಿನಿಂದ ಹಾರ್ಮೋನ್ ಬರತಾವ್ರಿ, ತಲಿಯೊಳಗಿನ ಪಿಟ್ಯುಟರಿ ಗ್ರಂಥಿಯಿಂದನೂ ಬರತಾವ. ಅವು ಇನ್ಸುಲಿನ್ ಕೆಲಸಕ್ಕ ಅಡ್ಡಗಾಲು ಹಾಕತಾವ. ಅದಕ್ಕ ಮೇದೋಜೀರಕ ಗ್ರಂಥಿ ಇನ್ಸುಲಿನ್ ಹೆಚ್ಚಿಗೆ ತಯಾರು ಮಾಡಬೇಕು. ಇವರದಕ್ಕ ಅಷ್ಟು ಆಗವಲ್ದು. ಸಕ್ರಿ ಏರಿದ್ರ ಕೂಸು ಅತೀ ದಪ್ಪ ಆಗತೈತಿ, ಅಪಾಯ," ಅಂತ ನನ್ನ ಜೋಡಿ ಬಂದಿದ್ದ ಅತ್ತಿಗೆ ಹೇಳಿದರು.

ಅತ್ತಿ ಶಾಲಿ ಮೆಟ್ಟಿಲ ಹತ್ತಿದವರಲ್ಲ. ಆದರ ಬಸ್ ಚಿಕ್ಕೋಡಿ ಮುಟ್ಟೂದರೊಳಗ ಪಿಟ್ಯುಟರಿ ಅಟ್ಟದ ಮ್ಯಾಲಿನ ಸಾವಕಾರ ಆಗಿತ್ತು, ಮಾಸು ಒಂಬತ್ತು ತಿಂಗಳ ಬಾಡಿಗಿದಾರ, ಮೇದೋಜೀರಕ ಅಡಗಿಯಾಕಿ.

"ಇಬ್ಬರೂ ಕೂಡಿ ಆ ಬಡಪಾಯಿಗೆ ಕೆಲಸ ಹಚ್ಯಾರ. ಮ್ಯಾಲ ನೀ ಹೋಳಿಗಿ ತಿಂದ್ರ ಆಕಿ ಏನ್ ಸಾಯಬೇಕೇನು?"

ದಿನಾ ಮುಂಜಾನೆ ನನ್ನ ಹೊಟ್ಟಿ ನೋಡಿ, ಬಾಡಿಗಿದಾರನ್ನ ಬೈದೇ ಚಹಾ ಕುಡಿಯೋರು. ಅವರ ಚಹಾಕ್ಕ ಸಕ್ರಿನೂ ಇರತಿರಲಿಲ್ಲ, ಬೆಲ್ಲಾನೂ ಇರತಿರಲಿಲ್ಲ. ಬಾಯಿರುಚಿನೂ ವಿಚಿತ್ರ ಅಂತ ಸುಮ್ಮನಾಗಿದ್ದೆ.

ಏಳನೇ ತಿಂಗಳಿಗೆ ಇಬ್ಬರಿಗೂ ಕೂಡೇ ಸೀಮಂತದ ಕುಬಸ ಮಾಡಿದರು. ನೆಗೆಣ್ಣಿ ಕರಜಿಕಾಯಿ ಕಡಿದು, "ಅಕ್ಕಾ, ಬೆಲ್ಲ ಚೂರು ಕಡಿಮಿ ಆಗೇತಿ ನೋಡ್ರಿ," ಅಂದಳು, ರೊಟ್ಟಿ ಪಲ್ಲೆ ಮುಂದ ಕೂತ ನನಗ. ತಡೀಲಿಲ್ಲ. ಒಳಗ ಹೋಗಿ ಡಬ್ಬಿಯೊಳಗಿಂದು ಒಂದು ಬಾಯಿಗೆ ಹಾಕ್ಕೊಂಡೆ. ಅತ್ತಿ ಹಿಂದನ ಬಂದು ಬೆರಳು ಹಾಕಿ ತಗದರು.

ನಾ ಅತ್ತಬಿಟ್ಟೆ. "ಆಕಿ ನಿಮ್ಮ ತಮ್ಮನ ಮಗಳು, ನಾ ಹೊರಗಿನಾಕಿ. ಅದಕ್ಕಲ್ಲೇನ್ರಿ?"

ಅತ್ತಿ ಅಲ್ಲೇ ನೆಲಕ್ಕ ಕೂತರು.

"ನನ್ನ ಮೊದಲನೇದು ಹೆಣ್ಣು. ಗುಂಡಗುಂಡಗಿದ್ಲು, ಇಡೀ ಓಣಿ ನೋಡಾಕ ಬಂದಿತ್ತು. ಬಯಕಿ ಅಂತ ನಮ್ಮವ್ವ ಒಂಬತ್ತು ತಿಂಗಳೂ ಬೆಲ್ಲ ತಿನ್ನಿಸಿದ್ಲು. ಮೂರನೇ ದಿನಕ್ಕ ಕೂಸು ಹೋತು. ಯಾಕ ಅಂತ ಯಾರೂ ಹೇಳಲಿಲ್ಲ. ಆವತ್ತಿಂದ ನಾ ಸಿಹಿ ಮುಟ್ಟಿಲ್ಲವ್ವಾ. ಮೊನ್ನೆ ನಿಪ್ಪಾಣ್ಯಾಗ ಡಾಕ್ಟರಬಾಯಿ ಹೇಳಿದ ಮ್ಯಾಲೆ ತಿಳೀತು."

ನನ್ನ ಬಾಯಾಗ ಇನ್ನೂ ಬೆಲ್ಲದ ರುಚಿ ಇತ್ತು.

ನನಗೂ ಹೆಣ್ಣೇ ಹುಟ್ಟಿತು. ಎಲ್ಲಾರೂ ಕೂಸಿನ ಮಾರಿ ನೋಡಾಕತ್ತರ, ಅತ್ತಿ ನರ್ಸಬಾಯಿಗೆ, "ಬಾಡಿಗಿದಾರ ಪೂರಾ ಹೊರಗ ಬಂದಾನಿಲ್ಲೋ?" ಅಂತ ಕೇಳಿದರು. ಮೂರು ದಿನ ತೊಟ್ಟಿಲ ಬಿಟ್ಟು ಏಳಲಿಲ್ಲ. ನಾಲ್ಕನೇ ದಿನ ನನ್ನ ಸಕ್ರಿನೂ ಇಳದೈತಿ ಅಂತ ಡಾಕ್ಟರಬಾಯಿ ಅಂದ ಮ್ಯಾಲೆ, ಸೆರಗಿನ ಗಂಟು ಬಿಚ್ಚಿ ಒಂದು ಕರಜಿಕಾಯಿ ತಗದು ಎರಡು ಮಾಡಿದರು. ಅರ್ಧ ನನ್ನ ಬಾಯಿಗೆ ಇಟ್ಟರು. ಉಳಿದರ್ಧ ನೆಗೆಣ್ಣಿಗೇ ಕೊಡತಾರ ಅಂತ ನಾ ಅವರ ಕೈನೇ ನೋಡಾಕತ್ತಿದ್ದೆ.

ತಾವೇ ತಿಂದರು.