ಸ್ಕೂಟರಿಗೆ ಒಡೆದ ಕುಂಬಳಕಾಯಿ

ಥ್ಯಾಂಕ್ಸ್ ಎಂಬ ಪದ ನನ್ನ ಬಾಯಿಂದ ಬಹಳ ಸುಲಭವಾಗಿ ಹೊರಡುತ್ತದೆ, ಆದರೆ ಮನೆಯ ಹೊಸ್ತಿಲು ದಾಟಿದ ಮೇಲೆ. ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಹೇಳುತ್ತೇನೆ. ಕಾಫಿ ಕೊಟ್ಟ ಹುಡುಗಿಗೆ ಹೇಳುತ್ತೇನೆ. ನಾರ್ವೆಸ್ಟ್ ಬಡಾವಣೆಯ ಆಫೀಸಿನಲ್ಲಿ ನನ್ನ ತಪ್ಪುಗಳನ್ನೆಲ್ಲ ಹೆಕ್ಕಿ ಉದ್ದನೆಯ ಈಮೇಲ್ ಬರೆಯುವ ಮ್ಯಾನೇಜರಿಗೂ ಉತ್ತರದ ಮೊದಲ ಸಾಲಿನಲ್ಲೇ ಥ್ಯಾಂಕ್ಸ್ ಹೇಳುತ್ತೇನೆ. ಸಿಡ್ನಿಗೆ ಬಂದ ಮೇಲೆ ನಾನು ಕಲಿತ ಒಂದೇ ಒಂದು ಒಳ್ಳೆಯ ನಡತೆ ಇದು. ಅದೇ ಪದವನ್ನು ಹೆಂಡತಿಗೆ ಹೇಳಲು ಹೋದರೆ ಮಾತ್ರ ಬಾಯೇ ತೆರೆಯುವುದಿಲ್ಲ. ತಪ್ಪು ಪೂರ್ತಿ ನನ್ನದಲ್ಲ. ನಮ್ಮ ಹುಬ್ಬಳ್ಳಿ ಕಡೆ ಅಡುಗೆ ಚೆನ್ನಾಗಿದ್ದರೆ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತೇವೆ, ಇಲ್ಲದಿದ್ದರೆ ನೀರು ಕುಡಿದು ಏಳುತ್ತೇವೆ. ಹೆಂಗಸರು ಅದರಲ್ಲೇ ಅರ್ಥ ಮಾಡಿಕೊಳ್ಳಬೇಕು. ಒಮ್ಮೆ ಧೈರ್ಯ ಮಾಡಿ, ಚಹಾ ತಂದುಕೊಟ್ಟ ಸುನಂದಾಳಿಗೆ ಥ್ಯಾಂಕ್ಸ್ ಅಂದುಬಿಟ್ಟೆ. ಆಕೆ ನನ್ನ ಮುಖವನ್ನೊಮ್ಮೆ, ಅಡುಗೆಮನೆಯ ಗಾಜಿನ ಕಪಾಟನ್ನೊಮ್ಮೆ ನೋಡಿ, "ಏನ್ ಒಡದ್ರಿ?" ಎಂದು ಕೇಳಿದಳು.

ಹಾಗಂತ ನಾವು ಉಪಕಾರ ಮರೆಯುವ ಜನ ಅಂದುಕೊಳ್ಳಬೇಡಿ. ಆಯುಧಪೂಜೆ ಬಂದರೆ ಸುತ್ತಿಗೆ, ಸ್ಕ್ರೂಡ್ರೈವರ್, ಹುಲ್ಲು ಕತ್ತರಿಸುವ ಯಂತ್ರ, ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಜೀವವಿಲ್ಲದ್ದಕ್ಕೆ ಕೃತಜ್ಞತೆ ತೋರಿಸುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ನಮ್ಮ ಮನೆಯಲ್ಲಿ ಈ ಗೌರವದ ಸಿಂಹಪಾಲು ನನ್ನ ಸ್ಕೂಟರಿಗೆ ಸಲ್ಲುತ್ತದೆ. ಕೆನೆಬಣ್ಣದ ಪುಟ್ಟ ಸ್ಕೂಟರು. ಟೂಂಗಾಬಿಯ ನಮ್ಮ ಮನೆಯಿಂದ ಆಫೀಸಿಗೆ ಅದರ ಮೇಲೇ ಹೋಗುತ್ತಿದ್ದೆ. ಈ ದೇಶದಲ್ಲಿ ಸ್ಕೂಟರ್ ಓಡಿಸುವವನಿಗೆ ಮರ್ಯಾದೆ ಕಡಿಮೆ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡ ಬೈಕಿನವರು ರಸ್ತೆಯಲ್ಲಿ ಎದುರಾದಾಗ ಒಬ್ಬರಿಗೊಬ್ಬರು ತಲೆಯಾಡಿಸಿ ನಮಸ್ಕಾರ ಮಾಡುತ್ತಾರೆ. ಆಸೆಯಿಂದ ನಾನೂ ಎಷ್ಟೋ ಸಲ ತಲೆಯಾಡಿಸಿದ್ದೇನೆ. ಅವರು ನನ್ನ ಹಿಂದಿನ ಲಾರಿಯನ್ನು ನೋಡುತ್ತ ಹೋಗಿಬಿಡುತ್ತಾರೆ. ಈ ಅವಮಾನ ಹಂಚಿಕೊಳ್ಳಲಿಕ್ಕೇ ನಮ್ಮದೊಂದು ಸ್ಕೂಟರ್ ಬಳಗವಿದೆ. ಅದರ ಯಜಮಾನಿಕೆ ಮಂಗಳೂರಿನ ವಿಲ್ಸನ್ನನದು.

ಈ ವಿಲ್ಸನ್ನನ ಅಣ್ಣ ಬಹಳ ವರ್ಷ ಅಮೆರಿಕದಲ್ಲಿದ್ದು, ಈಚೆಗೆ ಮೆಲ್ಬರ್ನಿನ ಪಾಯಿಂಟ್ ಕುಕ್ಕಿಗೆ ಬಂದು ನೆಲೆಸಿದ್ದಾರೆ. ಬರುವಾಗ ಸಾಮಾನಿನ ಜೊತೆ ಅಲ್ಲಿಯ ಹಬ್ಬವನ್ನೂ ಕಟ್ಟಿಕೊಂಡು ಬಂದರು. ಮೊನ್ನೆ ನವೆಂಬರಿನಲ್ಲಿ ವಿಲ್ಸನ್ ಫೋನ್ ಮಾಡಿದ. "ನೋಡಿ ಮಾರಾಯ್ರೆ, ಅಣ್ಣ ಅಲ್ಲಿ ಅವರ ಸ್ಕೂಟರಿನವರನ್ನು ಸೇರಿಸಿ ಥ್ಯಾಂಕ್ಸ್‌ಗಿವಿಂಗ್ ಮಾಡ್ತಾರಂತೆ. ನಾವು ಇಲ್ಲಿ ಸುಮ್ಮನೆ ಕೂತ್ಕೊಳ್ಳುವುದಾ? ನಾವೂ ಮಾಡುವ. ಊಟ, ಫ್ಯಾಮಿಲಿ, ರೈಡ್, ಮೂರೂ ಉಂಟು."

ಅಮೆರಿಕದ ಹಬ್ಬ ಗುರುವಾರ. ಇಲ್ಲಿ ಗುರುವಾರ ಯಾರಿಗೂ ರಜೆಯಿಲ್ಲ, ಹಾಗಾಗಿ ಭಾನುವಾರಕ್ಕೆ ತಳ್ಳಿದೆವು. ಅಲ್ಲಿ ದೊಡ್ಡ ಟರ್ಕಿ ಕೋಳಿಯನ್ನು ಬೇಯಿಸುತ್ತಾರಂತೆ. ನಮ್ಮಲ್ಲಿ ಅರ್ಧ ಜನ ಮೊಟ್ಟೆ ಕಂಡರೂ ದೂರ ಸರಿಯುವವರು, ಹಾಗಾಗಿ ಎಣ್ಣೆಗಾಯಿ ಮತ್ತು ಜೋಳದ ರೊಟ್ಟಿ ನಮ್ಮ ಪಾಲಿಗೆ, ಕೋಳಿಯ ಕೋರಿ ಸುಕ್ಕ ಮತ್ತು ಸಣ್ಣ ಎಂಬ ಇಡ್ಲಿ ವಿಲ್ಸನ್ನನ ಪಾಲಿಗೆ ಎಂದಾಯಿತು. ಎಲ್ಲ ಅಮೆರಿಕದ ಪದ್ಧತಿಯಂತೆಯೇ ನಡೆಯುತ್ತಿದೆ ಎಂದು ನಾವು ಬೀಗುತ್ತಿರುವಾಗ ವಿಲ್ಸನ್ ಕೊನೆಯ ನಿಯಮ ಹೇಳಿದ. ಊಟಕ್ಕೆ ಮೊದಲು ಪ್ರತಿಯೊಬ್ಬರೂ ಎದ್ದು ನಿಂತು, ಎಲ್ಲರೆದುರು, ಒಬ್ಬರಿಗೆ ಥ್ಯಾಂಕ್ಸ್ ಹೇಳಬೇಕು. ಅವನಿಗೇನು, ಊಟದ ಮುಂಚೆ ಪ್ರಾರ್ಥನೆ ಮಾಡಿ ಬೆಳೆದವನು, 'ದೇವ್ ಬರೆಂ ಕರುಂ' ಎಂದು ಕೊಂಕಣಿಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಥ್ಯಾಂಕ್ಸ್ ಹೇಳುತ್ತಾನೆ. ನನ್ನ ಕಷ್ಟ ನನಗೇ ಗೊತ್ತು.

ರಾತ್ರಿ ಊಟದ ಹೊತ್ತಿಗೆ ಈ ನಿಯಮವನ್ನು ತಮಾಷೆಯಾಗಿ ಹೇಳಿ ತೇಲಿಸಿಬಿಡಲು ನೋಡಿದೆ. ಸುನಂದಾ ರೊಟ್ಟಿ ಬಡಿಸುತ್ತ, "ಬರ್ಲಿ ಭಾನುವಾರ. ನೋಡೂಣು, ನೀವು ಯಾರಿಗೆ ಹೇಳ್ತೀರಿ ಅಂತ" ಎಂದಳು. ಯೂನಿವರ್ಸಿಟಿಯಲ್ಲಿ ಓದುತ್ತಿರುವ ಮಗಳು ಅನಿಕಾ ಕನ್ನಡವೆಲ್ಲ ತಿಳಿದೂ ಇಂಗ್ಲಿಷಿನಲ್ಲೇ ಉತ್ತರಿಸುವವಳು. ಫೋನಿನಿಂದ ತಲೆ ಎತ್ತದೆ, "ಹಿ ವಿಲ್ ಥ್ಯಾಂಕ್ ದ ಸ್ಕೂಟರ್, ಅಮ್ಮಾ" ಅಂದಳು. ನಾನು ನಕ್ಕೆ. ಸುನಂದಾ ನಗಲಿಲ್ಲ. ಇಷ್ಟು ವರ್ಷ ಬಾಯಿಬಿಟ್ಟು ಕೇಳದಿದ್ದ ಒಂದು ಮಾತಿಗಾಗಿ ಆಕೆ ಈಗ ನಿಜವಾಗಿಯೂ ಕಾಯುತ್ತಿದ್ದಾಳೆ ಎಂದು ಆಗ ಹೊಳೆಯಿತು. ನನಗೆ ನಾಚಿಕೆಯಾಯಿತು. ಏನೇ ಆಗಲಿ, ಭಾನುವಾರ ಇವಳಿಗೇ ಹೇಳುತ್ತೇನೆ, ಅದೂ ಬಾಯ್ತುಂಬ ಹೇಳುತ್ತೇನೆ ಎಂದು ನಿರ್ಧರಿಸಿದೆ.

ಅಭ್ಯಾಸಕ್ಕೆ ಹೆಲ್ಮೆಟ್ಟಿನಷ್ಟು ಒಳ್ಳೆಯ ಜಾಗವಿಲ್ಲ. ಆಫೀಸಿಗೆ ಹೋಗುವಾಗ ಬರುವಾಗ ಅದರೊಳಗೇ ಭಾಷಣ ಮಾಡಿದೆ. ಸಿಗ್ನಲ್ಲಿನಲ್ಲಿ ನಿಂತಾಗ "ಪ್ರೀತಿಯ ಸುನಂದಾ" ಎಂದು ಕೈಯೆತ್ತಿದ್ದನ್ನು ನೋಡಿ ಪಕ್ಕದ ಗಾಡಿಯವನು ಕಿಟಕಿ ಏರಿಸಿಕೊಂಡ. ಮನೆಯಲ್ಲೂ ಅದೇ ಗುಂಗು. ಆಕೆ ಆ ವಾರವೆಲ್ಲ ಏನೇನೋ ಹೇಳುತ್ತಿದ್ದಳು, ನಾನು ಹೂಂ ಹೂಂ ಎನ್ನುತ್ತ ಒಳಗೊಳಗೇ ಆಕೆಯ ಗುಣಗಾನಕ್ಕೆ ಶಬ್ದ ಹುಡುಕುತ್ತಿದ್ದೆ. ಹೆಂಡತಿಯನ್ನು ಹೊಗಳುವ ಭರದಲ್ಲಿ ಹೆಂಡತಿಯ ಮಾತೇ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಸ್ಕೂಟರ್ ತೊಳೆದೆ. ಶುಭಕಾರ್ಯಕ್ಕೆ ಹೊರಟ ಗಾಡಿಯನ್ನು ಪೂಜೆಯಿಲ್ಲದೆ ರಸ್ತೆಗಿಳಿಸುವುದು ನನ್ನ ಕೈಲಾಗದ ಕೆಲಸ. ಹಿತ್ತಲಿನ ಗಿಡದಿಂದ ನಿಂಬೆಹಣ್ಣು ಕಿತ್ತು ಚಕ್ರಗಳ ಕೆಳಗಿಟ್ಟೆ, ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ ಹಾಕಿದೆ. ದೃಷ್ಟಿ ತೆಗೆಯಲು ಕುಂಬಳಕಾಯಿ ಒಂದು ಬೇಕಿತ್ತು. ಟೂಂಗಾಬಿಯ ಅಂಗಡಿಯಲ್ಲಿ ಬೂದುಗುಂಬಳವನ್ನು ಹೋಳು ಮಾಡಿ ಪ್ಲಾಸ್ಟಿಕ್ ಸುತ್ತಿ ಮಾರುತ್ತಾರೆ. ಹೋಳು ಒಡೆದರೆ ಹೋಳು ದೃಷ್ಟಿ ಹೋದೀತೇ ಹೊರತು ಪೂರ್ತಿ ಹೋಗುವುದಿಲ್ಲ. ಏನು ಮಾಡುವುದೆಂದು ಗ್ಯಾರೇಜಿನಲ್ಲಿ ನಿಂತು ನೋಡುತ್ತೇನೆ, ತಂಪು ಮೂಲೆಯಲ್ಲಿ ಇಡೀ ಸಿಹಿಗುಂಬಳಕಾಯಿ ದುಂಡಗೆ ಕೂತಿದೆ! ನಾನು ಕೇಳದೆಯೇ ನನ್ನ ಪೂಜೆಗೆಂದು ತಂದಿಟ್ಟಿದ್ದಾಳಲ್ಲ ಎಂದು ಕಣ್ಣು ತುಂಬಿ ಬಂತು. ಭಾಷಣಕ್ಕೆ ಇನ್ನೊಂದು ಸಾಲು ಸೇರಿಸಿಕೊಂಡೆ.

ತೂತು ಕೊರೆದು ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಸ್ಕೂಟರಿಗೆ ನಿವಾಳಿಸಿ, ಮನೆಮುಂದಿನ ಡ್ರೈವ್‌ವೇ ಮೇಲೆ ಎತ್ತಿ ಹಾಕಿದೆ. ಈ ದೇಶದ ಕುಂಬಳಕಾಯಿಯ ಸಿಪ್ಪೆ ಬಹಳ ಗಟ್ಟಿ. ಅದು ಒಡೆಯದೆ ಉರುಳಿ ಪಕ್ಕದ ಮನೆಯ ಟಪಾಲು ಡಬ್ಬಿಯ ಬುಡಕ್ಕೆ ಹೋಗಿ ನಿಂತಿತು. ಗಿಡಕ್ಕೆ ನೀರು ಹಾಕುತ್ತಿದ್ದ ಆ ಮನೆಯ ಅಜ್ಜ ಅದನ್ನೆತ್ತಿ ತಂದು, ಬಿದ್ದುಹೋಗಿತ್ತು ನೋಡು ಎಂದು ಜೋಪಾನವಾಗಿ ನನ್ನ ಕೈಗಿತ್ತರು. ನಾನು "ಥ್ಯಾಂಕ್ಸ್, ಮೇಟ್" ಎಂದು ಹೇಳಿ, ಅವರ ಕಣ್ಣೆದುರೇ ಅದನ್ನು ಮತ್ತೆ ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಿದೆ. ಈ ಸಲ ಚೂರುಚೂರಾಯಿತು. ಅಜ್ಜ ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲಾ ಆರಾಮವಾಗಿದೆಯಾ ಎಂದು ವಿಚಾರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಷ್ಟರಲ್ಲಿ ಸುನಂದಾ ತುರಿಯುವ ಮಣೆ ಹಿಡಿದು ಗ್ಯಾರೇಜಿಗೆ ಬಂದಳು. "ರೀ, ಇಲ್ಲಿ ಕುಂಬಳಕಾಯಿ ಇಟ್ಟಿದ್ದೆ, ಎಲ್ಲಿ ಹೋತು?" ಗಾದೆಯ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡು ಸಿಕ್ಕಿಬಿದ್ದನಂತೆ. ನನಗೆ ಆ ಶ್ರಮವೂ ಇರಲಿಲ್ಲ. ಎರಡೂ ಕೈಗೆ ಕುಂಕುಮ, ಕಾಲಿಗೆ ಬೀಜ. ಹಿಂದೆಯೇ ಬಂದ ಅನಿಕಾ ಡ್ರೈವ್‌ವೇ ನೋಡಿ, "ಡ್ಯಾಡ್, ದಟ್ ವಾಸ್ ಡಿಸರ್ಟ್" ಎಂದಳು. ಸಂಗತಿ ಇಷ್ಟು. ಅಮೆರಿಕದ ಹಬ್ಬಕ್ಕೆ ಕುಂಬಳಕಾಯಿ ಪೈ ಎಂಬ ಸಿಹಿ ಆಗಲೇಬೇಕಂತೆ. ಪೈ ಯಾಕೆ, ನಮ್ಮ ಕುಂಬಳಕಾಯಿ ಗಾರಿಗೆ ಕರಿಯುತ್ತೇನೆ ಎಂದು ಸುನಂದಾ ವಿಲ್ಸನ್ನನಿಗೆ ಮಾತು ಕೊಟ್ಟಿದ್ದಳು. ಆಕೆ ಕೆಲಸ ಮಾಡುವ ಚೈಲ್ಡ್‌ಕೇರಿನ ಗೆಳತಿಯೊಬ್ಬಳು ತನ್ನ ಹಿತ್ತಲಲ್ಲಿ ಬೆಳೆದು ಜತನವಾಗಿ ಕಾಪಿಟ್ಟಿದ್ದ ಕೊನೆಯ ಕಾಯಿಯನ್ನು ಕೊಟ್ಟಿದ್ದಳು. ಇದನ್ನೇ ಆಕೆ ವಾರವೆಲ್ಲ ನನಗೆ ಹೇಳಿದ್ದು, ಇದಕ್ಕೇ ನಾನು ವಾರವೆಲ್ಲ ಹೂಂ ಅಂದಿದ್ದು.

ಬೈದಿದ್ದರೆ ಚೆನ್ನಾಗಿತ್ತು. ಆಕೆ ಬೈಯಲಿಲ್ಲ. "ಸ್ಕೂಟರಿಗೆ ಥ್ಯಾಂಕ್ಸ್ ಹೇಳಿದ್ದು ಆತಲ್ಲ, ನಡೀರಿ" ಎಂದಳು. ನನ್ನ ಹಿಂದಿನ ಸೀಟಿನಲ್ಲಿ ಕೂರಬೇಕಾಗಿದ್ದವಳು, ತಾನು ಅನಿಕಾಳ ಜೊತೆ ಕಾರಿನಲ್ಲಿ ಬರುವುದಾಗಿ ಹೇಳಿ ರೊಟ್ಟಿಯ ಗಂಟು ಕಟ್ಟತೊಡಗಿದಳು. ನಾನು ಕಾಲಿನಿಂದಲೇ ಚೂರುಗಳನ್ನು ಅಷ್ಟಿಷ್ಟು ಬದಿಗೆ ಸರಿಸಿ ಪೆಚ್ಚಾಗಿ ನಿಂತೆ.

ವಿಲ್ಸನ್ ಮತ್ತು ಉಳಿದವರು ಸ್ಕೂಟರುಗಳ ಸಾಲು ಕಟ್ಟಿಕೊಂಡು ಬಂದು ಗೇಟಿನೆದುರು ಹಾರ್ನ್ ಹೊಡೆದರು. ನಾನು ಗತ್ತಿನಿಂದಲೇ ಗಾಡಿ ಚಾಲೂ ಮಾಡಿದೆ. ನಿಂಬೆಹಣ್ಣು ಶಾಸ್ತ್ರೋಕ್ತವಾಗಿ ಪಚಕ್ಕೆಂದಿತು. ಮುಂದಿನ ಚಕ್ರ ಕುಂಬಳಕಾಯಿಯ ತಿರುಳಿನ ಮೇಲೆ ಹೋಯಿತು. ಆಮೇಲಿನದು ಬಹಳ ನಿಧಾನವಾಗಿ ನಡೆದಂತೆ ನೆನಪು. ಸ್ಕೂಟರ್ ಮೆಲ್ಲಗೆ ಒಂದು ಮಗ್ಗುಲಾಯಿತು, ಅದರ ಜೊತೆ ನಾನೂ ಮಲಗಿದೆ. ಅಪಘಾತವಾಗದಿರಲಿ ಎಂದು ಒಡೆದ ಕಾಯಿಯ ಮೇಲೆಯೇ ಜಾರಿ ಬಿದ್ದವನು ಸಿಡ್ನಿಯಲ್ಲಿ ನಾನೊಬ್ಬನೇ ಇರಬೇಕು. ಸ್ಕೂಟರಿಗೆ ಒಂದು ಗೀರೂ ಬೀಳಲಿಲ್ಲ. ಅದರ ದೃಷ್ಟಿಯೆಲ್ಲ ನನಗೆ ತಾಕಿತು, ಬಲಗೈ ಮಣಿಕಟ್ಟು ಊದಿಕೊಂಡಿತು.

ಸುನಂದಾ ಓಡಿ ಬಂದಳು. ಚೈಲ್ಡ್‌ಕೇರಿನಲ್ಲಿ ಬಿದ್ದ ಮಕ್ಕಳನ್ನು ಎತ್ತಿ ರೂಢಿಯಾದ ಕೈ. "ಬೆರಳು ಆಡಸ್ರಿ. ಹಾಂ, ಶಾಣ್ಯಾ!" ಎಂದು ಕರಡಿಮರಿಯ ಚಿತ್ರವಿದ್ದ ಐಸ್ ಚೀಲವನ್ನು ಮಣಿಕಟ್ಟಿಗೆ ಕಟ್ಟಿದಳು. ವಿಲ್ಸನ್ ಹೆಲ್ಮೆಟ್ ತೆಗೆದು, "ಅಯ್ಯೋ, ಈಗ ನಿಮ್ಮ ಮನೆಯ ಸ್ಕೂಟರ್ ಬರುವುದಿಲ್ವಾ ಮಾರಾಯ್ರೆ?" ಎಂದ. ಇವನಿಗೆ ನನ್ನ ಕೈಗಿಂತ ಸ್ಕೂಟರಿನ ಚಿಂತೆ. "ಬರ್ತೈತಿ" ಎಂದು ಸುನಂದಾ ನನ್ನ ಕೈಯಿಂದ ಕೀಲಿ ಇಸಿದುಕೊಂಡಳು. ಒಂದು ಸಂಗತಿಯನ್ನು ನಿಮ್ಮಿಂದ ಇಷ್ಟು ಹೊತ್ತು ಮುಚ್ಚಿಟ್ಟಿದ್ದೆ. ನಾವಿಬ್ಬರೂ ಕೂಡಿಯೇ ರೈಡರ್ ಲೈಸೆನ್ಸಿಗೆ ಹೋದವರು. ಆಕೆ ಮೊದಲ ಸಲವೇ ಪಾಸಾದಳು, ನಾನು ಎರಡನೆಯ ಸಲ. ಆಮೇಲೆ ಆಕೆ ಕೀಲಿ ಕೇಳಿದಾಗಲೆಲ್ಲ ನಾನು 'ಟ್ರಾಫಿಕ್ ಭಾಳ ಐತಿ' ಅನ್ನುತ್ತ ಬಂದಿದ್ದೆ. ಭಾನುವಾರ ಬೆಳಿಗ್ಗೆ ಟ್ರಾಫಿಕ್ ಇರಲಿಲ್ಲ.

ನಾನು ಕಾರಿನಲ್ಲಿ ಅನಿಕಾಳ ಪಕ್ಕ, ತೊಡೆಯ ಮೇಲೆ ಎಣ್ಣೆಗಾಯಿಯ ಪಾತ್ರೆ ಇಟ್ಟುಕೊಂಡು ಕೂತೆ. ಮುಂದೆ ವಿಂಡ್ಸರ್ ರಸ್ತೆಯಲ್ಲಿ ಚೆಂಡುಹೂವಿನ ಮಾಲೆಯ ಸ್ಕೂಟರು. ಹುಬ್ಬಳ್ಳಿಯಲ್ಲಿ ಮೊಪೆಡ್ ಮೇಲೆ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಎದುರಿನಿಂದ ದೊಡ್ಡ ಬೈಕಿನವನೊಬ್ಬ ಬಂದ, ಗಡ್ಡದವನು. ಸುನಂದಾ ಸಹಜವಾಗಿ ತಲೆಯಾಡಿಸಿದಳು. ಅವನೂ ತಲೆಯಾಡಿಸಿದ! "ಡಿಡ್ ಯು ಸೀ ದಟ್?" ಎಂದು ಅನಿಕಾ ಕಿರುಚಿದಳು. ನೋಡಿದ್ದೆ. ಹೊಟ್ಟೆಕಿಚ್ಚಾಯಿತು ಅಂತಲೇ ಹೇಳುತ್ತೇನೆ. ಅದರ ಜೊತೆಗೆ, ಇಷ್ಟು ಚೆಂದ ಓಡಿಸುವವಳನ್ನು ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ ಕೂರಿಸಿದೆನಲ್ಲ ಎಂದು ಸಂಕಟವೂ ಆಯಿತು.

ಹಾಕ್ಸ್‌ಬರಿ ನದಿಯ ದಂಡೆಯಲ್ಲಿ ಜಮಖಾನ ಹಾಸಿದೆವು. ಫೋನಿನಲ್ಲಿ ಪಾಯಿಂಟ್ ಕುಕ್ಕಿನವರು ಕಾಣಿಸಿಕೊಂಡರು. ನಮ್ಮಲ್ಲಿ ಬೆವರು ಸುರಿಯುತ್ತಿದ್ದರೆ ಅವರು ಮಳೆಯಲ್ಲಿ ಜಾಕೆಟ್ ತೊಟ್ಟು ಒಂದು ಚಾವಣಿಯ ಕೆಳಗೆ ಒತ್ತೊತ್ತಾಗಿ ನಿಂತು, ಬಿಸಿಲು ಕೊಟ್ಟ ದೇವರಿಗೆ ನಮ್ಮ ಪರವಾಗಿ ಥ್ಯಾಂಕ್ಸ್ ಹೇಳುತ್ತಿದ್ದರು. ವಿಲ್ಸನ್ ಹೆಂಡತಿಗೆ ಹೇಳಿದ, ಆಕೆ ಅತ್ತೆಗೆ ಹೇಳಿದಳು. ನನ್ನ ಸರದಿ ಬಂತು. ಎದ್ದು ನಿಂತೆ. ಹೆಲ್ಮೆಟ್ಟಿನಲ್ಲಿ ಕಟ್ಟಿದ್ದ ಭಾಷಣ ಹೆಲ್ಮೆಟ್ಟಿನಲ್ಲೇ ಉಳಿದಿತ್ತು, ಒಂದು ಸಾಲೂ ನೆನಪಾಗಲಿಲ್ಲ. ಸುನಂದಾ ರೊಟ್ಟಿಯ ಬಟ್ಟೆಯನ್ನೇ ನೋಡುತ್ತ ಕೂತಿದ್ದಳು.

"ಸುನಂದಾ, ನೀ ಹೇಳಿದ್ದು ನಾ ಕೇಳಂಗಿಲ್ಲ. ವಾರೆಲ್ಲಾ ಕೇಳಲಿಲ್ಲ, ಅದಕ್ಕಿಂತ ಮೊದಲೂ ಕೇಳಲಿಲ್ಲ. ಆದ್ರೂ ನೀ ಹೇಳೂದು ಬಿಟ್ಟಿಲ್ಲ. ಥ್ಯಾಂಕ್ಸ್" ಎಂದು ಕೂತುಬಿಟ್ಟೆ. ಆಕೆ ಮುಖ ಆಚೆ ತಿರುಗಿಸಿಕೊಂಡಳು. ನನ್ನ ಕಣ್ಣೂ ಒದ್ದೆಯಾಗಿತ್ತು, ಮಣಿಕಟ್ಟಿನ ನೋವೆಂದು ಹೇಳಿದೆ. ಆಮೇಲೆ ಆಕೆ ಎದ್ದಳು. "ನಾ ಆ ಕುಂಬಳಕಾಯಿಗೆ ಥ್ಯಾಂಕ್ಸ್ ಹೇಳ್ತೀನ್ರಿ. ನಾ ಎಷ್ಟು ವರ್ಷ ಕೇಳಿದ್ರೂ ಇವರು ಕೀಲಿ ಕೊಟ್ಟಿದ್ದಿಲ್ಲ. ಅದು ಒಂದೇ ದಿನದಾಗ ಕೊಡಿಸ್ತು" ಎಂದಳು. ಸಿಡ್ನಿಯೂ ಮೆಲ್ಬರ್ನೂ ಒಟ್ಟಿಗೆ ನಕ್ಕವು. ಗಾರಿಗೆಯಿಲ್ಲದ ಊಟ ಎಲ್ಲರಿಗೂ ರುಚಿಸಿತು.

ನನ್ನ ಕೈ ವಾಸಿಯಾಗಿ ಬಹಳ ದಿನಗಳಾದವು. ಕೀಲಿ ಮಾತ್ರ ಗೋಡೆಯ ಮೊಳೆಗೆ ಮರಳಿಲ್ಲ, ಆಕೆಯ ಕೈಚೀಲದಲ್ಲಿದೆ. ಬೆಳಿಗ್ಗೆ ಸುನಂದಾ ಚೈಲ್ಡ್‌ಕೇರಿಗೆ ಹೋಗುವಾಗ ನನ್ನನ್ನು ಬಸ್‌ಸ್ಟಾಪಿನ ತನಕ ಹಿಂದೆ ಕೂರಿಸಿಕೊಂಡು ಬಿಟ್ಟುಹೋಗುತ್ತಾಳೆ. ಒಮ್ಮೆ ಹೇಳಿದ ಮೇಲೆ ಚಳಿ ಬಿಟ್ಟಿದೆಯಲ್ಲ ಎಂಬ ಧೈರ್ಯದಿಂದ, ಇವತ್ತು ಇಳಿಯುವಾಗ "ಥ್ಯಾಂಕ್ಸ್, ಸುನಂದಾ" ಎಂದೆ. ಆಕೆ ಎಂಜಿನ್ ಆರಿಸಿ, ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನ್ ಒಡದ್ರಿ?"

ಉಪ್ಪಿನಕಾಯಿ ಜಾಡಿ. ಬೆಳಿಗ್ಗೆ ಆಕೆ ಸ್ನಾನಕ್ಕೆ ಹೋಗಿದ್ದಾಗ ಒಡೆದಿದ್ದೆ, ಚೂರುಗಳನ್ನು ಪಕ್ಕದ ಮನೆಯ ಅಜ್ಜನ ಕಸದ ಡಬ್ಬಿಗೆ ಹಾಕಿ ಬಂದಿದ್ದೆ. ಆದರೆ ಥ್ಯಾಂಕ್ಸ್ ನಿಜವಾದದ್ದೇ ಆಗಿತ್ತು. ಅದನ್ನು ಹೇಗೆ ನಂಬಿಸುವುದೆಂದು ತಿಳಿಯದೆ ಬಂದ ಬಸ್ಸು ಹತ್ತಿಬಿಟ್ಟೆ.